ಗಜನಿಯ ಒಡ್ಡು ಯಾರ ಹೊಣೆ?

ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನ, ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುವುದು ಕರಾವಳಿಯ ಕ್ರೈಸ್ತರು ತಲೆತಲಾಂತರದಿಂದ ನಡೆಸಿಕೊಂಡು ಬಂದಿರುವ ಸಂಪ್ರದಾಯ. ಮನೆಯ ಹಿರಿಯರು ಆ ತೆನೆಯ ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಕೊಡುತ್ತಾರೆ. ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳಿಗೆ ಒಂದೆರಡು ಕಾಳುಗಳನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದ ಕಾಲವೂ ಇತ್ತು. ತೆನೆಗೆ ನಾವು ಸಲ್ಲಿಸುವ ಈ ಗೌರವ ದೊಡ್ಡದು. ಆದರೆ ಆ ತೆನೆ ಬೆಳೆಯುವ ಗದ್ದೆಯನ್ನು ಕಾಯುವವರು ಯಾರು, ಸಮುದ್ರಕ್ಕೂ ಅನ್ನಕ್ಕೂ ನಡುವೆ ನಿಂತಿರುವ ಮಣ್ಣಿನ ಒಡ್ಡನ್ನು ಈಗ ನೋಡಿಕೊಳ್ಳುತ್ತಿರುವವರು ಯಾರು ಎಂಬ ವಿಚಾರ ನಮ್ಮ ಹಬ್ಬದ ಮಾತುಗಳಲ್ಲಿ ಬರುವುದು ಅಪರೂಪ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ: ಉತ್ತರ ಕನ್ನಡದ ಈ ನಾಲ್ಕು ನದಿಗಳು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಗಳ ಬಳಿ ನೀರು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಉಬ್ಬರದ ನೀರು ನುಗ್ಗುವ ತಗ್ಗು ಭೂಮಿಗೆ ಒಡ್ಡು ಕಟ್ಟಿ ಮಾಡಿಕೊಂಡ ಗದ್ದೆಗಳಿಗೆ ಗಜನಿ ಎಂದು ಹೆಸರು. ಗೋವೆಯವರು ಇದನ್ನೇ ಖಾಜನ್ ಎನ್ನುತ್ತಾರೆ. ಎರಡು ಹೆಸರುಗಳೂ ಒಂದೇ ಬೇರಿನವು ಎಂಬುದು ಕೇಳಿದೊಡನೆಯೇ ತಿಳಿಯುತ್ತದೆ. ಇನ್ನೂ ದಕ್ಷಿಣಕ್ಕೆ ಹೋದರೆ ಕಣ್ಣೂರಿನಲ್ಲಿ ಕೈಪಾಡ್, ಎರ್ನಾಕುಲಂ ಸುತ್ತಮುತ್ತ ಪೊಕ್ಕಾಳಿ. ರಾಜ್ಯಗಳು ಮೂರು, ಭಾಷೆಗಳು ಮೂರು. ವಿದ್ಯೆ ಮಾತ್ರ ಒಂದೇ. ಈ ಎಲ್ಲ ಕಡೆಗಳಲ್ಲಿಯೂ ಉಪ್ಪನ್ನು ತಾಳಿಕೊಳ್ಳುವ ಭತ್ತದ ತಳಿಗಳಿವೆ. ಅಘನಾಶಿನಿಯಲ್ಲಿ ಅದು ಕಗ್ಗ, ಗೋವೆಯಲ್ಲಿ ಕೊರ್ಗುಟ್. ಪೊಕ್ಕಾಳಿಯಂತೂ ಗದ್ದೆಗೂ ತಳಿಗೂ ಒಂದೇ ಹೆಸರು.

ಗಜನಿಯ ಬೇಸಾಯದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಘಟ್ಟದ ಮೇಲೆ ಮುಂಗಾರು ಸುರಿದು ನದಿ ತುಂಬಿದಾಗ ಮಳೆನೀರು ಗದ್ದೆಯ ಉಪ್ಪನ್ನು ತೊಳೆದುಹಾಕುತ್ತದೆ. ಆಗ ಮೊಳಕೆ ಬಂದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಗೊಬ್ಬರ ಬೇಕಾಗಿಲ್ಲ, ನದಿ ತಂದ ಹೂಳೇ ಗೊಬ್ಬರ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಕೊಳೆಯದು. ಅಕ್ಟೋಬರ್ ಹೊತ್ತಿಗೆ ಕೊಯ್ಲು. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಟ್ಟರೆ ಅದು ಕೊಳೆತು ಶೆಟ್ಲಿಗೆ, ಮೀನಿಗೆ ಆಹಾರವಾಗುತ್ತದೆ. ಬಳಿಕ ತೂಬಿನ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡರೆ ಬೇಸಿಗೆಯವರೆಗೂ ಮೀನುಗಾರಿಕೆ. ಮುಂದಿನ ಮಳೆಗೆ ಮತ್ತೆ ಭತ್ತ. (ಕಗ್ಗದ ಕೊಯ್ಲು ತೆನೆ ಹಬ್ಬಕ್ಕಿಂತ ತಡವಾಗಿ ಬರುವುದರಿಂದ ಹಬ್ಬದ ತೆನೆ ಬೇರೆ ಗದ್ದೆಯದೇ ಆಗಿರುತ್ತದೆ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪಬೇಕು.)

ಈ ವ್ಯವಸ್ಥೆಗೆ ಆಧಾರ ಒಡ್ಡು, ಒಡ್ಡಿನಲ್ಲಿರುವ ತೂಬು, ಒಡ್ಡಿನ ಹೊರಗೆ ನದಿಯ ಕಡೆಗೆ ಬೆಳೆದ ಕಾಂಡ್ಲಾ ಗಿಡಗಳು. ತೂಬಿನ ಮರದ ಬಾಗಿಲನ್ನು ಹಿರಿಯರು ಎಷ್ಟು ಜಾಣತನದಿಂದ ಜೋಡಿಸಿದ್ದರೆಂದರೆ, ಉಬ್ಬರದ ನೀರು ಹೊರಗಿನಿಂದ ಒತ್ತಿದಾಗ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ, ಇಳಿತವಾದಾಗ ಒಳಗಿನ ಮಳೆನೀರಿನ ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ. ಕಾಂಡ್ಲಾ ಗಿಡಗಳು ಅಲೆಯ ಹೊಡೆತವನ್ನು ತಡೆದು ಒಡ್ಡಿನ ಮಣ್ಣನ್ನು ಕಾಯುತ್ತವೆ. ಮೀನು, ಏಡಿ, ಶೆಟ್ಲಿಗಳ ಮರಿಗಳಿಗೆ ಆಸರೆಯಾಗುತ್ತವೆ. ಏಡಿ ಕೊರೆದ ಒಂದು ತೂತನ್ನು ಸಕಾಲದಲ್ಲಿ ಮುಚ್ಚದಿದ್ದರೆ ಅದು ದೊಡ್ಡದಾಗಿ, ಹುಣ್ಣಿಮೆಯ ಉಬ್ಬರದಲ್ಲಿ ಒಡ್ಡೇ ಒಡೆದುಹೋಗಬಹುದು. ಒಡೆಯುವುದು ಒಬ್ಬನ ಗದ್ದೆಯ ಬದಿಯಲ್ಲಿ. ಉಪ್ಪು ನುಗ್ಗುವುದು ಎಲ್ಲರ ಗದ್ದೆಗೂ.

ಗಾಂವಕಾರಿಯ ಪಾಠ

ಗೋವೆಯಲ್ಲಿ ಸುಮಾರು 18,000 ಹೆಕ್ಟೇರ್ ಖಾಜನ್ ಭೂಮಿ ಇದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನ ತಾಮ್ರಶಾಸನಗಳಲ್ಲಿಯೇ ‘ಖಜ್ಜನ’ ಭೂಮಿಯ ಮಾತಿದೆ. ಈ ಭೂಮಿಯನ್ನು ನೋಡಿಕೊಳ್ಳುತ್ತಿದ್ದುದು ಗಾಂವಕಾರಿ ಎಂಬ ಗ್ರಾಮಸಂಸ್ಥೆ. 1526ರಲ್ಲಿ ಅಫೊನ್ಸೊ ಮೆಶಿಯಾ ಎಂಬ ಪೋರ್ಚುಗೀಸ್ ಅಧಿಕಾರಿ ಅದರ ಪದ್ಧತಿಗಳನ್ನು ದಾಖಲಿಸಿದ. ಮುಂದೆ ಅದೇ ಕೊಮುನಿದಾದ್ ಎನಿಸಿತು. ಜನರು ಕ್ರೈಸ್ತರಾದರು, ದೇವಸ್ಥಾನಗಳಿದ್ದಲ್ಲಿ ಇಗರ್ಜಿಗಳು ಬಂದವು, ಆಳುವವರು ಬದಲಾದರು. ಒಡ್ಡು ಕಾಯುವ ಕ್ರಮ ಮಾತ್ರ ಬದಲಾಗಲಿಲ್ಲ. ಗೋವೆಯಿಂದ ಕನ್ನಡ ಕರಾವಳಿಗೆ ಬಂದ ನಮ್ಮ ಪೂರ್ವಜರು ಭಾಷೆ, ಭಕ್ತಿ, ಅಡುಗೆಗಳ ಜೊತೆಯಲ್ಲಿ ಬೇಸಾಯದ ತಿಳಿವಳಿಕೆಯನ್ನೂ ತಂದವರು. ಇಲ್ಲಿಯೂ ಅವರಿಗಿಂತ ಮುಂಚೆಯೇ ಗಜನಿಗಳನ್ನು ಕಟ್ಟಿ ಬಾಳುತ್ತಿದ್ದ ನೆರೆಹೊರೆಯವರು ಅವರಿಗೆ ಸಿಕ್ಕಿದರು.

ಗಾಂವಕಾರಿಯ ಹಣಕಾಸಿನ ಕ್ರಮ ಇಂದಿಗೂ ಗಮನಾರ್ಹ. ತೂಬಿಗೆ ಕೊಂಕಣಿಯಲ್ಲಿ ಮಾನಸ್ ಎನ್ನುತ್ತಾರೆ. ಮಾನಸಿನ ಬಾಯಿಯಲ್ಲಿ ಬಲೆ ಕಟ್ಟಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಒಡ್ಡಿನ ದುರಸ್ತಿಗೂ ಊರಿನ ಇತರ ಖರ್ಚಿಗೂ ಬಳಸುತ್ತಿದ್ದರು. ಮೀನು ಒಡ್ಡನ್ನು ಕಾಯುತ್ತಿತ್ತು, ಒಡ್ಡು ಭತ್ತವನ್ನು ಕಾಯುತ್ತಿತ್ತು.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ತೂಬನ್ನು ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಮೀನು ಹೆಚ್ಚು. ಭತ್ತಕ್ಕೆ ಉಪ್ಪಿನ ಅಪಾಯವೂ ಹೆಚ್ಚು. ಮೀನಿನ ಲಾಭ ಮತ್ತು ಭತ್ತದ ನಷ್ಟ ಎರಡೂ ಒಂದೇ ಊರಿನ ಒಂದೇ ಜನರ ಪಾಲಿಗೆ ಬರುತ್ತಿದ್ದಾಗ ತೂಬಿನ ಬಾಗಿಲು ಹಿಡಿತದಲ್ಲಿತ್ತು. ಲಾಭ ಒಬ್ಬನಿಗೆ, ನಷ್ಟ ಇನ್ನೊಬ್ಬನಿಗೆ ಎಂದಾದ ದಿನ ಹಿಡಿತ ತಪ್ಪಿತು. 1961ರಲ್ಲಿ ಗೋವೆ ವಿಮೋಚನೆಗೊಂಡಿತು. 1964ರಲ್ಲಿ ಗೇಣಿ ಕಾನೂನು ಬಂದಿತು. ಮುಂದೆ ಉಳುವವನಿಗೇ ಭೂಮಿ ಎಂದಾಯಿತು. ಒಡ್ಡಿನ ಹೊಣೆ ಗಾಂವಕಾರಿಯಿಂದ ಗೇಣಿದಾರರ ಸಂಘಗಳಿಗೆ ಹೋಯಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಹಳೆಯ ಗಾಂವಕಾರಿಯಲ್ಲಿ ಸ್ತ್ರೀಯರಿಗೂ ಕೂಲಿಯವರಿಗೂ ಮಾತಿರಲಿಲ್ಲ ಎಂಬುದನ್ನು ಮರೆತು ಅದನ್ನು ಸ್ವರ್ಗವೆಂದು ಬಣ್ಣಿಸುವುದು ಸರಿಯಲ್ಲ. ಆದರೂ ಎಷ್ಟೋ ಊರುಗಳಲ್ಲಿ ಮೀನಿನ ಗುತ್ತಿಗೆ ಹಿಡಿದವರು ಭತ್ತದ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಸೀಗಡಿಯ ಆಸೆಗೆ ಒಡ್ಡನ್ನು ಬೇಕೆಂದೇ ಒಡೆದ ದೂರುಗಳೂ ಕೇಳಿಬಂದವು.

ಕಲ್ಲಿನ ಒಡ್ಡು ಬಂದ ಮೇಲೆ

ಅಘನಾಶಿನಿಯ ಕಥೆ ಸ್ವಲ್ಪ ಬೇರೆ, ಫಲಿತಾಂಶ ಅದೇ. ಕುಮಟಾ ತಾಲೂಕಿನ ಗಜನಿಗಳಲ್ಲಿ ವರ್ಷ ವರ್ಷವೂ ಊರವರು ಕೂಡಿ ಮಣ್ಣಿನ ಒಡ್ಡನ್ನು ಸರಿಪಡಿಸುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಡಿ ಶಾಶ್ವತ ಒಡ್ಡುಗಳನ್ನು ಕಟ್ಟಿಸಿಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಒಡ್ಡು ಸರ್ಕಾರದ್ದಾದ ಮೇಲೆ ಅದರ ಬಿರುಕನ್ನು ನೋಡುವ ಕಣ್ಣು ಊರಿನಲ್ಲಿ ಕಡಿಮೆಯಾಯಿತು. ಕೂಡಿ ದುಡಿಯುವ ಅಭ್ಯಾಸ ಒಮ್ಮೆ ಬಿಟ್ಟುಹೋದರೆ ಮತ್ತೆ ತರುವುದು ಕಷ್ಟ. ಅದೇ ಹೊತ್ತಿಗೆ ರಫ್ತಿನ ಸೀಗಡಿಗೆ ಬೆಲೆ ಬಂದು ಗದ್ದೆಗಳು ಗುತ್ತಿಗೆಗೆ ಹೋದವು. 1990ರ ದಶಕದ ಮಧ್ಯಭಾಗದಲ್ಲಿ ಬಿಳಿ ಚುಕ್ಕೆ ರೋಗ ದೇಶದ ಸೀಗಡಿ ಕೃಷಿಯನ್ನೇ ಅಲುಗಾಡಿಸಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಸೀಗಡಿ ಕೃಷಿಯ ಉದ್ಯಮವನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅವಕಾಶ ಉಳಿಸಿತು. ಅಷ್ಟರಲ್ಲಿ ಕಗ್ಗದ ಬೀಜ ಇಟ್ಟುಕೊಂಡಿದ್ದ ಮನೆಗಳು ಬಹಳ ಕಡಿಮೆಯಾಗಿದ್ದವು.

ಅಳಿವೆಯಲ್ಲಿ ಭತ್ತವಷ್ಟೇ ಅಲ್ಲ ಇರುವುದು. ಇಳಿತದ ಹೊತ್ತಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಸ್ತ್ರೀಯರು ಚಿಪ್ಪಿನ ಮೀನು ಆರಿಸುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ನೋಡಿರುತ್ತಾರೆ. ನಮ್ಮ ಮನೆಗಳಲ್ಲಿ ಖುಬೆ ಎಂದು ಕರೆದು ತೆಂಗಿನಕಾಯಿ ಹಾಕಿ ಬೇಯಿಸುವುದು ಈ ಜಾತಿಯದನ್ನೇ. ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿನ ಮೀನು ಸಿಗುತ್ತಿತ್ತೆಂದೂ, ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ದುಡಿಮೆ ಪಡೆಯುತ್ತಿದ್ದರೆಂದೂ 2000ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದ್ದರು. ಅಘನಾಶಿನಿಗೆ ಅಣೆಕಟ್ಟು ಇಲ್ಲದಿರುವುದು ಈ ಸಮೃದ್ಧಿಗೆ ಒಂದು ಮುಖ್ಯ ಕಾರಣ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಸಮುದ್ರದವರೆಗೆ ಅದು ತಡೆಯಿಲ್ಲದೆ ಹರಿಯುತ್ತದೆ. ಅಳಿವೆಯಲ್ಲಿ ಉಪ್ಪು-ಸಿಹಿಗಳ ಹದ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಪಕ್ಕದ ಶರಾವತಿಯಲ್ಲಿ ಲಿಂಗನಮಕ್ಕಿಯ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದುಬರುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿ, ಚಿಪ್ಪಿನ ಮೀನಿನ ಸಂಪತ್ತು ಕುಗ್ಗಿತು. ಹೀಗೆ, ಘಟ್ಟದ ಮೇಲಿನ ಒಂದು ತೀರ್ಮಾನ ಹೊನ್ನಾವರದ ಹೆಂಗಸಿನ ಬುಟ್ಟಿಯನ್ನು ತಲುಪುತ್ತದೆ. ಕರಾವಳಿಯ ರಕ್ಷಣೆ ಕರಾವಳಿಯವರಿಂದಷ್ಟೇ ಆಗದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2015ರಲ್ಲಿ ಜಗದ್ಗುರು ಫ್ರಾನ್ಸಿಸರು ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರದ 39ನೆಯ ಪರಿಚ್ಛೇದ ಕೆಲವು ಕರಾವಳಿಗಳಲ್ಲಿ ಕಾಂಡ್ಲಾ ಕಾಡುಗಳನ್ನು ಆಶ್ರಯಿಸಿದ ಜೀವಜಾಲ ಕಣ್ಮರೆಯಾಗುತ್ತಿರುವುದನ್ನು ಹೆಸರಿಸಿ ಕಳವಳ ಸೂಚಿಸುತ್ತದೆ. ಜೌಗು ಭೂಮಿಯನ್ನು ಸಾಗುವಳಿ ಭೂಮಿಯಾಗಿ ಮಾಡಿದಾಗ ಆಗುವ ನಷ್ಟವನ್ನೂ ಅದೇ ಪರಿಚ್ಛೇದ ಹೇಳುತ್ತದೆ. ಇದನ್ನು ಓದಿದಾಗ ಗಜನಿಯವರಿಗೆ ಸ್ವಲ್ಪ ಮುಜುಗರವಾಗಬೇಕು. ಏಕೆಂದರೆ ಗಜನಿಯೂ ಒಂದು ಕಾಲಕ್ಕೆ ಕಾಂಡ್ಲಾ ಕಡಿದು ಮಾಡಿದ ಗದ್ದೆಯೇ. ವ್ಯತ್ಯಾಸವೆಂದರೆ ಹಿರಿಯರು ಒಡ್ಡಿನ ಹೊರಗಿನ ಕಾಂಡ್ಲಾವನ್ನು ಉಳಿಸಿದರು, ಮೀನಿಗೂ ಹಕ್ಕಿಗೂ ಗದ್ದೆಯೊಳಗೆ ಪಾಲು ಬಿಟ್ಟರು. 2021ರ ಅರಣ್ಯ ಸ್ಥಿತಿ ವರದಿಯ ಪ್ರಕಾರ ಕರ್ನಾಟಕದ ಕಾಂಡ್ಲಾ ಕಾಡು 13 ಚದರ ಕಿಲೋಮೀಟರ್. ನಮಗಿಂತ ಬಹಳ ಚಿಕ್ಕದಾದ ಗೋವೆಯಲ್ಲಿ 27.

ಈಗ ಹೊಸದೊಂದು ತೊಡಕು ಹುಟ್ಟಿದೆ. ಒಡ್ಡು ಒಡೆದು ಪಾಳುಬಿದ್ದ ಗದ್ದೆಯೊಳಕ್ಕೆ ಕಾಂಡ್ಲಾದ ಬೀಜಗಳು ತೇಲಿಬಂದು ಬೇರೂರುತ್ತವೆ. ಕೆಲವೇ ವರ್ಷಗಳಲ್ಲಿ ಗದ್ದೆ ಕಾಡಾಗುತ್ತದೆ. ಕಾಂಡ್ಲಾಕ್ಕೆ ಕಾನೂನಿನ ರಕ್ಷಣೆ ಇರುವುದರಿಂದ, ರೈತನು ಮತ್ತೆ ಬೇಸಾಯ ಮಾಡುತ್ತೇನೆಂದು ಬಂದರೆ ಗಿಡ ಮುಟ್ಟುವಂತಿಲ್ಲ. ಗೋವೆಯಲ್ಲಿ ಈ ವಿವಾದ ಬಹಳ ಊರುಗಳಲ್ಲಿದೆ. ಅರಣ್ಯ ಇಲಾಖೆಗೆ ಅದು ಕಾಡು, ಕೃಷಿ ಇಲಾಖೆಗೆ ಗದ್ದೆ, ಮೀನುಗಾರಿಕೆ ಇಲಾಖೆಗೆ ಮೀನಿನ ಹೊಂಡ. 2017ರ ಜೌಗುಭೂಮಿ ನಿಯಮಗಳು ಭತ್ತದ ಗದ್ದೆಯನ್ನು ತಮ್ಮ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಮೂರನ್ನೂ ಒಟ್ಟಿಗೆ ನೋಡುವವನು ಒಡ್ಡಿನ ಮೇಲೆ ನಿಂತ ರೈತನೊಬ್ಬನೇ.

ಕೈ ಕೂಡಿಸಿದ ಊರುಗಳು

ಹಾಗೆಂದು ಎಲ್ಲ ಕಡೆಯೂ ನಿರಾಶೆಯೇ ಇಲ್ಲ. ಕಣ್ಣೂರು ಜಿಲ್ಲೆಯ ಏಳೋಂ ಗ್ರಾಮದ ರೈತರು, ಪಂಚಾಯತಿ ಮತ್ತು ಕೇರಳ ಕೃಷಿ ವಿಶ್ವವಿದ್ಯಾಲಯ ಒಟ್ಟಾಗಿ ದುಡಿದುದರ ಫಲವಾಗಿ 2010ರಲ್ಲಿ ಕೈಪಾಡಿಗೆ ಹೊಂದುವ ಏಳೋಂ-1, ಏಳೋಂ-2 ಎಂಬ ತಳಿಗಳು ಬಂದವು. ರೈತನ ಗದ್ದೆಯಲ್ಲಿಯೇ ಪ್ರಯೋಗ ನಡೆಯಿತು. ಹೆಸರೂ ಆ ಊರಿನದೇ. ಪೊಕ್ಕಾಳಿ ಅಕ್ಕಿಗೆ 2008ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಪೊಕ್ಕಾಳಿಯಲ್ಲಿರುವ ಉಪ್ಪು ತಾಳುವ ಗುಣವನ್ನು ಜಗತ್ತಿನ ಭತ್ತ ವಿಜ್ಞಾನಿಗಳು ಇತರ ತಳಿಗಳಿಗೆ ಕೂಡಿಸುತ್ತಿದ್ದಾರೆ. ನಮ್ಮ ಕುಮಟಾದ ಮಾಣಿಕಟ್ಟಾದಲ್ಲಿ ಕಗ್ಗ ಬೆಳೆಯುವವರು ಸಂಘ ಕಟ್ಟಿಕೊಂಡು, ಗದ್ದೆಯ ಗಡಿಗಳನ್ನು ಬದಿಗಿಟ್ಟು ಸಾಮೂಹಿಕವಾಗಿ ಬಿತ್ತಿ ಬೆಳೆಯುತ್ತಿರುವುದು ಪ್ರಶಂಸಾರ್ಹ. ಕಗ್ಗದ ಬೀಜ ಇಂದು ಉಳಿದಿದ್ದರೆ ಅದು ಇಂತಹವರ ಹಟದಿಂದ.

ಸರ್ಕಾರದ ಕಾಗದಪತ್ರಗಳಲ್ಲಿಯೂ ಕೆಲವು ಬಾಗಿಲುಗಳು ತೆರೆದಿವೆ. 2011ರ ಕರಾವಳಿ ನಿಯಂತ್ರಣ ಅಧಿಸೂಚನೆ ಗೋವೆಯ ಖಾಜನ್‌ಗಳನ್ನು ಹೆಸರಿಸಿ, ಅವುಗಳ ನಕ್ಷೆ ಮಾಡಬೇಕು, ನಿರ್ವಹಣೆಯ ಯೋಜನೆ ಸಿದ್ಧಪಡಿಸಬೇಕು, ಅಲ್ಲಿ ಅಭಿವೃದ್ಧಿ ಕಾಮಗಾರಿಗಳಿಗೆ ಅವಕಾಶವಿಲ್ಲ ಎಂದು ವಿಧಿಸಿತು. ನಮ್ಮ ಗಜನಿಗಳಿಗೆ ಅಂತಹ ಪ್ರತ್ಯೇಕ ವಿಧಿ ಅದರಲ್ಲಿ ಇರಲಿಲ್ಲ. ಒಂದೇ ಬಗೆಯ ಭೂಮಿಗೆ ಗಡಿಯ ಆಚೆ ಒಂದು ನ್ಯಾಯ, ಈಚೆ ಇನ್ನೊಂದು. ಆದರೆ 2019ರ ಅಧಿಸೂಚನೆಯ ಅತಿ ಸೂಕ್ಷ್ಮ ಕರಾವಳಿ ಪ್ರದೇಶಗಳ ಪಟ್ಟಿಯಲ್ಲಿ ಕಾರವಾರ ಮತ್ತು ಕುಂದಾಪುರಗಳ ಹೆಸರಿದೆ. ಅಂತಹ ಪ್ರದೇಶಗಳನ್ನು ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯಗಳ ಪಾಲುಗಾರಿಕೆಯಿಂದಲೇ ನಿರ್ವಹಿಸಬೇಕೆಂದು ಅದು ಹೇಳುತ್ತದೆ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿಯ ಅಳಿವೆ, 4,801 ಹೆಕ್ಟೇರ್ ವಿಸ್ತೀರ್ಣದೊಂದಿಗೆ, ರಾಮ್ಸಾರ್ ಪಟ್ಟಿಗೆ ಸೇರಿತು. 1971ರ ಆ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ 1982ರಲ್ಲಿ ಸೇರಿದೆ. ಅದರ ಮೂಲತತ್ವ ವಿವೇಕಯುತ ಬಳಕೆ; ಬಳಸುವವರನ್ನು ಹೊರಹಾಕುವುದಲ್ಲ. ಈ ಹಿಂದೆ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಅದನ್ನು ತಡೆದವರು ಅಳಿವೆಯ ಸುತ್ತಲಿನ ಎಲ್ಲ ಜಾತಿ-ಮತಗಳ ರೈತರೂ ಮೀನುಗಾರರೂ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಸಮುದ್ರ ಮಾತ್ರ ಕಾಗದಪತ್ರಗಳಿಗಾಗಿ ಕಾಯುವುದಿಲ್ಲ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಈಚಿನ ವರ್ಷಗಳಲ್ಲಿ ಏರಿಕೆಯ ವೇಗ ಹೆಚ್ಚಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನಮ್ಮ ಕಡಲತೀರ ಏನಾಯಿತೆಂಬುದನ್ನು ಕಂಡವರು ಮರೆತಿರಲಾರರು. ನೀರು ಒಂದು ಗೇಣು ಏರಿದರೆ ಒಡ್ಡೂ ಒಂದು ಗೇಣು ಏರಬೇಕು.

ನಮ್ಮ ಪಾಲು

ಇಲ್ಲಿ ಕ್ರೈಸ್ತ ಕುಟುಂಬಗಳ ಪಾಲಿನ ಮಾತು ಬರುತ್ತದೆ. ಗಜನಿಯ ಗದ್ದೆಗಳು ತಲೆಮಾರಿನಿಂದ ತಲೆಮಾರಿಗೆ ಪಾಲಾಗಿ ತುಂಡುತುಂಡಾಗಿವೆ. ಆ ತುಂಡುಗಳ ಒಡೆಯರು ಅನೇಕರು ಊರಿನಲ್ಲಿಲ್ಲ. ಒಬ್ಬರು ಮುಂಬಯಿಯಲ್ಲಿ, ಒಬ್ಬರು ದುಬೈಯಲ್ಲಿ. ಇನ್ನೊಬ್ಬರ ಹೆಸರು ಪಹಣಿಯಲ್ಲಿದ್ದರೂ ಅವರು ತೀರಿಕೊಂಡು ವರ್ಷಗಳಾಗಿವೆ. ಒಡ್ಡಿನ ಕೆಲಸಕ್ಕೆ ಊರು ಒಂದಾದಾಗ ಮೊದಲು ಎದುರಾಗುವ ಅಡ್ಡಿ ಹಣದ್ದಲ್ಲ, ಸಹಿಯದು. ಯಾರದೋ ಬದಿಯಿಂದ ಮಣ್ಣು ತೆಗೆಯಬೇಕು, ಯಾರದೋ ಬದಿಯಲ್ಲಿ ತೂಬು ಕೂರಿಸಬೇಕು. ಒಪ್ಪಿಗೆ ಕೊಡಬೇಕಾದವರು ಸಿಗುವುದಿಲ್ಲ. ದೂರದಲ್ಲಿರುವವರಿಗೆ ಸೀಗಡಿ ಗುತ್ತಿಗೆಯ ಹಣ ಸುಲಭವಾಗಿ ಕೈಸೇರುತ್ತದೆ. ಅದರಿಂದ ಪಕ್ಕದ ಗದ್ದೆಗೆ ಹೋಗುವ ಉಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಊರನ್ನು ದ್ವೇಷಿಸಿ ಬಿಟ್ಟವರಲ್ಲ. ಹಬ್ಬದ ತೆನೆಯ ಕಾಳಿಗಾಗಿ ಕಾಯುತ್ತಿದ್ದವರು ಅವರೇ ಅಲ್ಲವೇ?

ಇಂತಹ ಕಡೆ ಇಗರ್ಜಿ ಮಾಡಬಹುದಾದ ಕೆಲಸವನ್ನು ಬೇರೆ ಯಾವ ಕಚೇರಿಯೂ ಮಾಡಲಾರದು. ಯಾವ ಕುಟುಂಬದ ಯಾವ ಮಗ ಯಾವ ದೇಶದಲ್ಲಿದ್ದಾನೆ, ಯಾರ ವಿಳಾಸ ಯಾರ ಬಳಿ ಸಿಗುತ್ತದೆ ಎಂಬುದು ವಾಳೆಯ ಗುರ್ಕಾರರಿಗೆ ತಿಳಿದಷ್ಟು ಕಂದಾಯ ಇಲಾಖೆಗೆ ತಿಳಿದಿಲ್ಲ. ಗದ್ದೆ ಇರುವ ಕುಟುಂಬಗಳ ಪಟ್ಟಿ ಮಾಡಿ, ದೂರದಲ್ಲಿರುವವರಿಂದ ಒಪ್ಪಿಗೆ ಪತ್ರ ತರಿಸಿ, ಹಾಲಕ್ಕಿ, ಅಂಬಿಗ, ಹರಿಕಂತ್ರ, ಮುಸ್ಲಿಂ ನೆರೆಹೊರೆಯವರ ಜೊತೆ ಒಂದೇ ಸಂಘದಲ್ಲಿ ಕುಳಿತರೆ ಪಂಚಾಯತಿಯೂ ಇಲಾಖೆಗಳೂ ಕಿವಿಗೊಡಲೇಬೇಕಾಗುತ್ತದೆ. ಇಗರ್ಜಿಯದೇ ಪ್ರತ್ಯೇಕ ಸಂಘ ಬೇಡ. ಒಡ್ಡಿಗೆ ಮತಭೇದವಿಲ್ಲ, ಅದು ಒಡೆದರೆ ನೀರಿಗೂ ಇಲ್ಲ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದವರೆಗೆ ಸೃಷ್ಟಿಯ ಋತುವನ್ನು ಆಚರಿಸುವಾಗ ನಮ್ಮ ಇಗರ್ಜಿಗಳ ಅಂಗಳದಲ್ಲಿ ಸಸಿ ನೆಡುವ ಕಾರ್ಯಕ್ರಮ ಇದ್ದೇ ಇರುತ್ತದೆ. ನೆಡುವುದಾದರೆ ಒಡ್ಡಿನ ಹೊರಮೈಯಲ್ಲಿ ಕಾಂಡ್ಲಾ ನೆಡಬಹುದು, ರೈತರನ್ನು ಕೇಳಿ, ಎಲ್ಲಿ ಬೇಕು ಎಲ್ಲಿ ಬೇಡ ಎಂದು ತಿಳಿದುಕೊಂಡು. ಕೆಂಪು ಕಗ್ಗದ ಅಕ್ಕಿಯನ್ನು ಕೊಳ್ಳುವ ಮನೆಗಳು ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಸಿಕ್ಕಿದರೆ ಬೆಳೆಯುವವನಿಗೆ ಸೀಗಡಿಯ ಗುತ್ತಿಗೆಯ ಮುಂದೆ ಹೇಳಲು ಒಂದು ಮಾತಿರುತ್ತದೆ.

ಪರದೇಶದಲ್ಲಿರುವವರಲ್ಲಿ ಬಹುಪಾಲು ಜನ ಮದುವೆ, ರೋಸ್, ಮಕ್ಕಳ ರಜೆ ಎಂದು ಊರಿಗೆ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಒಡ್ಡಿಗೆ ಮಣ್ಣು ಹಾಕುವ ಕಾಲವೂ ಅದೇ. ಮಳೆ ಬೀಳುವುದಕ್ಕೆ ಮೊದಲು ಒಂದು ಭಾನುವಾರದ ಬಲಿಪೂಜೆಯ ನಂತರ ಅರ್ಧ ಗಂಟೆ ಕುಳಿತರೆ ಸಹಿಗಳ ಕೆಲಸ ಮುಗಿಯುತ್ತದೆ. ಜೂನ್ ಬಂದ ಮೇಲೆ ಆ ವರ್ಷ ಏನೂ ಮಾಡುವಂತಿಲ್ಲ.